ಗುಲಾಬಿ ಸ್ಯಾಟಿನ್ ಬೇಡ ಅಂದ ಜೇನ್ ಐರ್, 44 ಸುನೀತ ಬಚ್ಚಿಟ್ಟ ಎಲಿಜಬೆತ್: ಇವರಿಬ್ಬರು ನಿಜಕ್ಕೂ ಎದುರುಬದುರಾ?

ಕಿಟಕಿ ಸೀಟು, ತುಮಕೂರು

ಎಲ್ಲರಿಗೂ ನಮಸ್ಕಾರ. ನಾನು ಸಾಹಿತ್ಯ ಓದಿದವಳಲ್ಲ, ಬಿಕಾಂ. ಯಶವಂತಪುರದ ಒಂದು ಆಫೀಸಿನಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ದಿನಾ ತುಮಕೂರಿನಿಂದ ರೈಲು. ಅಕ್ಕನ ಮಗಳು ನಮ್ಮ ಮನೆಯಲ್ಲೇ ಇದ್ದುಕೊಂಡು ಇಂಗ್ಲಿಷ್ ಎಂಎ ಮಾಡುತ್ತಿದ್ದಾಳೆ. ಅವಳು ಓದಿ ಮುಗಿಸಿದ ಪುಸ್ತಕ ನನ್ನ ಬ್ಯಾಗಿಗೆ ಬರುತ್ತದೆ. ಹಾಗೆ ಈ ಮಳೆಗಾಲದಲ್ಲಿ ಎರಡು ಓದಿದೆ. ಒಂದು ಷಾರ್ಲೆಟ್ ಬ್ರಾಂಟೆಯ ಕಾದಂಬರಿ 'ಜೇನ್ ಐರ್', 1847ರಲ್ಲಿ ಬಂದದ್ದು. ಇನ್ನೊಂದು ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ಬರೆದ 44 ಸುನೀತಗಳು, ಅಂದರೆ ಹದಿನಾಲ್ಕು ಸಾಲಿನ ಪದ್ಯಗಳು, 'ಸಾನೆಟ್ಸ್ ಫ್ರಮ್ ದಿ ಪೋರ್ಚುಗೀಸ್'. ಅವು ಅಚ್ಚಾದದ್ದು 1850ರಲ್ಲಿ.

ಮಗುವಿನ ಪರೀಕ್ಷೆಯ ನೋಟ್ಸಿನಲ್ಲಿ ಹೀಗಿದೆ: ಜೇನ್ ಸ್ವಾತಂತ್ರ್ಯ ಬಯಸಿದ ಹೆಣ್ಣು, ಸುನೀತಗಳ ಹೆಣ್ಣು ಪ್ರೀತಿಗೆ ಶರಣಾದವಳು. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಬರೆಯಬೇಕಂತೆ. ನನಗೆ ಇದು ಒಪ್ಪಿಗೆ ಆಗಲಿಲ್ಲ. ಯಾಕೆ ಅಂತ ಹೇಳುತ್ತೇನೆ. ತಪ್ಪಿದ್ದರೆ ತಿದ್ದಿ.

ಜೇನ್ ಐರ್‌ನಲ್ಲಿ ಎಲ್ಲರೂ ನೆನಪಿಟ್ಟುಕೊಳ್ಳುವುದು ಬೆಂಕಿ, ಮಹಡಿಯ ಮೇಲೆ ಕೂಡಿಹಾಕಿದ ಹೆಂಡತಿ, ಚರ್ಚಿನಲ್ಲಿ ನಿಂತುಹೋದ ಮದುವೆ. ನನ್ನನ್ನು ಹಿಡಿದು ಕೂರಿಸಿದ್ದು ಒಂದು ಬಟ್ಟೆ ಅಂಗಡಿ. ಜೇನ್ ಅನಾಥೆ, ರಾಚೆಸ್ಟರ್ ಎಂಬ ಸಿರಿವಂತನ ಮನೆಯಲ್ಲಿ ಮಗುವಿಗೆ ಪಾಠ ಹೇಳುವವಳು. ಅವನ ಜೊತೆ ಮದುವೆ ನಿಶ್ಚಯವಾದ ಮೇಲೆ ಅವನು ಅವಳನ್ನು ಮಿಲ್ಕೋಟ್ ಪೇಟೆಗೆ ಕರೆದುಕೊಂಡು ಹೋಗುತ್ತಾನೆ. ಆರು ಉಡುಪಿಗೆ ರೇಷ್ಮೆ ಆರಿಸು ಅನ್ನುತ್ತಾನೆ. ಅವಳು ಅಂಗಡಿಯವರಿಗೆ ಕೇಳಿಸದ ಹಾಗೆ ಪಿಸುಮಾತಿನಲ್ಲೇ ಬೇಡಿಕೊಂಡು ಆರನ್ನು ಎರಡಕ್ಕೆ ಇಳಿಸುತ್ತಾಳೆ. ಆ ಎರಡನ್ನು ನಾನೇ ಆರಿಸುತ್ತೇನೆ ಅಂತ ಅವನ ಹಟ. ಒಂದು ಹೊಳೆಯುವ ನೇರಳೆ ರೇಷ್ಮೆ, ಇನ್ನೊಂದು ಗುಲಾಬಿ ಸ್ಯಾಟಿನ್. ಅವಳು ಮತ್ತೆ ಪಿಸುಗುಟ್ಟುತ್ತಾಳೆ. ಕೊನೆಗೆ ಕಪ್ಪು ಸ್ಯಾಟಿನ್, ಮುತ್ತಿನ ಬೂದಿ ಬಣ್ಣದ ರೇಷ್ಮೆ ಅಂತ ಆಗುತ್ತದೆ. ಅವನು ಕೊಡಿಸುತ್ತಾ ಹೋದಷ್ಟೂ ಅವಳ ಕೆನ್ನೆ ಅವಮಾನದಿಂದ ಸುಡುತ್ತದೆ. ಅವಳು ಅವನನ್ನು ಪ್ರೀತಿಸುತ್ತಾಳೆ, ಅದರಲ್ಲಿ ಅನುಮಾನವೇ ಇಲ್ಲ. ಆದರೂ ಕೆನ್ನೆ ಸುಡುತ್ತದೆ.

ಇದನ್ನು ಓದುವಾಗ ರೈಲು ಕ್ಯಾತಸಂದ್ರ ದಾಟಿತ್ತು. ಪುಸ್ತಕ ಮುಚ್ಚಿದೆ. ದೊಡ್ಡಬೆಲೆ ಬರುವವರೆಗೆ ತೆರೆಯಲಿಲ್ಲ.

1998ರಲ್ಲಿ ನನ್ನ ಧಾರೆ ಸೀರೆ ತೆಗೆಯಲು ಎರಡೂ ಮನೆಯವರು ಸೇರಿ ಹನ್ನೊಂದು ಜನ ಬೆಂಗಳೂರಿಗೆ ಹೋಗಿದ್ದೆವು. ಅಂಗಡಿಯ ಬಿಳಿ ಹಾಸಿನ ಮೇಲೆ ಸೀರೆಗಳು ಒಂದರ ಮೇಲೊಂದು ಬಿದ್ದವು. ನನ್ನ ಕಣ್ಣು ಒಂದರ ಮೇಲೆ ನಿಂತಿತ್ತು. ತೆಳು ಹಸಿರು, ಬೆರಳಗಲದ ಜರಿ ಅಂಚು. ಅದರ ಸೆರಗನ್ನು ಎರಡು ಸಲ ಮುಟ್ಟಿ ನೋಡಿದೆ. ಆಮೇಲೆ ರಾಣಿ ಬಣ್ಣದ್ದು ಬಂತು, ಮೊಳ ಅಗಲದ ಅಂಚು. "ಇದೇ ಇರಲಿ" ಅಂದರು. ನನ್ನ ಭುಜದ ಮೇಲೆ ಹಾಕಿ ಕನ್ನಡಿ ಮುಂದೆ ನಿಲ್ಲಿಸಿದರು. ಬಿಲ್ ಕಟ್ಟುವವರು ಅವರು. ನನ್ನ ಕಿವಿ ಬಿಸಿಯಾಗಿತ್ತು. ನಾನು ಏನೂ ಹೇಳಲಿಲ್ಲ. ನನ್ನ ಮನೆಯವರು ಒಳ್ಳೆಯವರು, ಆವತ್ತೂ ಒಳ್ಳೆಯವರೇ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಆ ಬಿಸಿ ಯಾಕೆ ಅಂತ ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಜೇನ್ ಹೇಳಿದಳು.

ಜೇನ್ ಅಲ್ಲಿಗೆ ಸುಮ್ಮನಾಗಲಿಲ್ಲ, ನೋಡಿ. ಗಾಡಿ ಹತ್ತಿದ ಮೇಲೆ ಅವಳಿಗೆ ಮಡೀರಾ ದ್ವೀಪದಲ್ಲಿರುವ ಚಿಕ್ಕಪ್ಪ ನೆನಪಾಗುತ್ತಾನೆ. ಅವನು ತನ್ನ ಆಸ್ತಿ ಇವಳಿಗೆ ಬಿಡಬೇಕೆಂದು ಹಿಂದೆ ಕಾಗದ ಬರೆದಿದ್ದ. ಅತ್ತೆ ರೀಡ್ ಹೊಟ್ಟೆಕಿಚ್ಚಿಗೆ, ಜೇನ್ ಸತ್ತುಹೋದಳು ಅಂತ ಅವನಿಗೆ ಸುಳ್ಳು ಬರೆದಿದ್ದಳು. ನನಗೂ ಒಂದಿಷ್ಟು ಸ್ವಂತದ್ದು ಅಂತ ಇದ್ದಿದ್ದರೆ, ಇವನು ನನ್ನನ್ನು ಗೊಂಬೆಯ ಹಾಗೆ ಸಿಂಗರಿಸುವುದನ್ನು ಇನ್ನಷ್ಟು ಸಹಿಸಬಹುದಿತ್ತು ಅಂತ ಅವಳಿಗೆ ಅನ್ನಿಸುತ್ತದೆ. ಮನೆಗೆ ಹೋದ ತಕ್ಷಣ ಬರೆಯುತ್ತೇನೆ ಅಂದುಕೊಳ್ಳುತ್ತಾಳೆ. ಬರೆಯುತ್ತಾಳೆ ಕೂಡ. ಆ ಕಾಗದ ಮಡೀರಾ ತಲುಪಿದಾಗ ಅಲ್ಲಿ ಮೇಸನ್ ಇದ್ದಾನೆ, ರಾಚೆಸ್ಟರ್ ಮಹಡಿಯಲ್ಲಿ ಕೂಡಿಹಾಕಿದ ಮೊದಲ ಹೆಂಡತಿಯ ಸೋದರ. ಅವನಿಗೆ ಸುದ್ದಿ ತಿಳಿದು, ಆ ಹೆಂಡತಿ ಇನ್ನೂ ಬದುಕಿದ್ದಾಳೆ ಅಂತ ಬಂದು ಹೇಳುತ್ತಾನೆ. ಹಾಗಾಗಿಯೇ ಚರ್ಚಿನಲ್ಲಿ ಮದುವೆ ನಿಲ್ಲುತ್ತದೆ. ಮುಂದೆ 20,000 ಪೌಂಡ್ ಆಸ್ತಿ ಬರುವುದೂ ಅದೇ ಚಿಕ್ಕಪ್ಪನಿಂದ. ಅಂದರೆ ಇಡೀ ಕತೆ ತಿರುಗಿದ್ದು ಬಟ್ಟೆ ಅಂಗಡಿಯ ಆ ಸುಡುವ ಕೆನ್ನೆಯಿಂದ. ನೋಟ್ಸಿನಲ್ಲಿ ಇದು ಇಲ್ಲವೇ ಇಲ್ಲ!

ಇನ್ನು ಸುನೀತಗಳು. ಮೊದಲ ಹತ್ತು ಹನ್ನೆರಡರಲ್ಲಿ ಆಕೆ, ನಾನು ನಿನಗೆ ತಕ್ಕವಳಲ್ಲ, ದೂರ ಹೋಗು ಅನ್ನುತ್ತಲೇ ಇದ್ದಾಳೆ. ನೋಟ್ಸಿನವರು ಅದನ್ನು ಶರಣಾಗತಿ ಅಂದಿದ್ದಾರೆ. ನನಗೆ ಅದು ಹಾಗೆ ಕೇಳಿಸಲಿಲ್ಲ. ಒಬ್ಬ ಹೆಂಗಸು ಹೂಂ ಅನ್ನುವ ಮೊದಲು ಕೂತು ಯೋಚನೆ ಮಾಡುತ್ತಿದ್ದಾಳೆ ಅನ್ನಿಸಿತು. ಯಾರೂ ಅವಸರ ಮಾಡದೆ ಇರುವಾಗ, ತನ್ನ ಮಾತಿನಲ್ಲಿ, ತನಗೆ ಬೇಕಾದಷ್ಟು ಹೊತ್ತು. ಕವಿತೆಯ ಬಗ್ಗೆ ನನಗೆ ಜಾಸ್ತಿ ಗೊತ್ತಿಲ್ಲ. ನಾನು ಸರಿಯಾಗಿ ಓದಿದ್ದೇನಾ? ಇಬ್ಬರೂ ಒಂದೇ ಮಾತು ಹೇಳುತ್ತಿದ್ದಾರೆ ಅಂದರೆ ಅದು ದೂರದ ಮಾತಾಗುತ್ತದಾ?


ಹಳೇ ಮೇಷ್ಟ್ರು, ಕಡೂರು

ತಾಯಿ, ನೀವು ಸರಿಯಾಗಿಯೇ ಓದಿದ್ದೀರಿ. ಮೂವತ್ತೊಂದು ವರ್ಷ ಇಂಗ್ಲಿಷ್ ಪಾಠ ಮಾಡಿದ್ದೇನೆ. ಆ ಬಟ್ಟೆ ಅಂಗಡಿಯಿಂದ ಮಡೀರಾದ ಕಾಗದಕ್ಕೆ, ಅಲ್ಲಿಂದ ನಿಂತುಹೋದ ಮದುವೆಗೆ ಇರುವ ದಾರಿಯನ್ನು ತರಗತಿಯಲ್ಲಿ ಒಂದು ಸಲವೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಹೇಳಬೇಕಿತ್ತು.

ಸುನೀತದ ಬಗ್ಗೆ ಕೇಳಿದ್ದೀರಿ, ಒಂದು ಹಿನ್ನೆಲೆ ಹೇಳುತ್ತೇನೆ. ಹದಿನಾಲ್ಕು ಸಾಲಿನ ಈ ಪದ್ಯಕ್ಕೆ ದೊಡ್ಡ ಹೆಸರು ತಂದವನು 14ನೇ ಶತಮಾನದ ಇಟಲಿಯ ಪೆಟ್ರಾರ್ಕ್. ಅವನು ಲಾರಾಳ ಬಗ್ಗೆ ಬರೆಯುತ್ತಾನೆ. ಅವಳ ಕಣ್ಣು, ಕೂದಲು, ನಡಿಗೆ ಎಲ್ಲ ಬರುತ್ತದೆ. ಲಾರಾ ಮಾತ್ರ ಎಷ್ಟೋ ಪದ್ಯಗಳಲ್ಲಿ ದೂರದಲ್ಲಿ ನಿಂತ ಮೂರ್ತಿ. ಇಂಗ್ಲೆಂಡಿಗೆ ಬಂದ ಮೇಲೂ ರೂಢಿ ಅದೇ. ಗಂಡು ಹಾಡುತ್ತಾನೆ, ಹೆಣ್ಣು ಕೇಳಿಸಿಕೊಳ್ಳುತ್ತಾಳೆ. ನಡುವೆ 1621ರಲ್ಲಿ ಲೇಡಿ ಮೇರಿ ರಾತ್ ಎಂಬಾಕೆ ಹೆಣ್ಣಿನ ಬಾಯಲ್ಲಿ ಒಂದು ಸುನೀತಮಾಲೆ ಕಟ್ಟಿದಳು. ಅವಳನ್ನು ಬಹಳ ಕಾಲ ಮರೆತೇಬಿಟ್ಟಿದ್ದರು. ಹಾಗಾಗಿ ಎಲಿಜಬೆತ್ ಆ ಜಾಗಕ್ಕೆ ಬಂದು ಕೂತಾಗ, ಕೂರುವುದೇ ಒಂದು ಧೈರ್ಯ. ಇಷ್ಟು ದಿನ ಹೊಗಳಿಸಿಕೊಂಡ ಹೆಣ್ಣು ತಾನೇ ಬಾಯಿ ತೆರೆದು, ನಿನ್ನನ್ನು ನಾನು ಹೇಗೆಲ್ಲ ಪ್ರೀತಿಸುತ್ತೇನೆ, ತಡಿ, ಎಣಿಸುತ್ತೇನೆ ಅನ್ನುತ್ತಾಳೆ. ಅದು 43ನೆಯದು, ಮದುವೆ ಕಾರ್ಡುಗಳಲ್ಲಿ ಅಚ್ಚಾಗಿ ಸವೆದುಹೋಗಿದೆ. ನನ್ನ ಕೇಳಿದರೆ 14ನೆಯದು ಅದಕ್ಕಿಂತ ಮೇಲು.

ಆಕೆಯ ಬದುಕು ಸ್ವಲ್ಪ ಗೊತ್ತಿದ್ದರೆ ಸುನೀತಗಳು ಬೇರೆಯೇ ಕೇಳುತ್ತವೆ. ಹುಟ್ಟಿದ್ದು 1806. ಹದಿನೈದರ ಸುಮಾರಿಗೆ ಕಾಯಿಲೆ ಹಿಡಿಯಿತು. ನೋವಿಗೆ ಅಫೀಮಿನ ಔಷಧ, ಅದು ಕೊನೆಯವರೆಗೂ ಬಿಡಲಿಲ್ಲ. 1840ರಲ್ಲಿ ಪ್ರೀತಿಯ ತಮ್ಮ ಟಾರ್ಕಿಯ ಸಮುದ್ರದಲ್ಲಿ ಮುಳುಗಿದ. ಆಮೇಲೆ ಲಂಡನ್ನಿನ 50, ವಿಂಪೋಲ್ ಸ್ಟ್ರೀಟ್ ಮನೆಯ ಒಂದು ಕೋಣೆ, ಒಂದು ಸೋಫಾ, ಫ್ಲಷ್ ಎಂಬ ನಾಯಿ. ಅಪ್ಪನ ಕಟ್ಟಪ್ಪಣೆ ಏನೆಂದರೆ ಮಕ್ಕಳಲ್ಲಿ ಯಾರೂ ಮದುವೆ ಆಗಬಾರದು. ಗಂಡುಮಕ್ಕಳೂ ಸೇರಿ! 1845ರ ಜನವರಿ 10ರಂದು ರಾಬರ್ಟ್ ಬ್ರೌನಿಂಗ್ ಎಂಬ ಕವಿ ಆಕೆಗೆ ಮೊದಲ ಕಾಗದ ಬರೆದ. ನಿಮ್ಮ ಪದ್ಯಗಳು ನನಗೆ ಪ್ರಾಣ ಅಂತ ಶುರು ಮಾಡಿದ. ಆಕೆಗಿಂತ ಆರು ವರ್ಷ ಚಿಕ್ಕವನು. ಅಲ್ಲಿಂದ ಇಪ್ಪತ್ತು ತಿಂಗಳಲ್ಲಿ ಇಬ್ಬರ ನಡುವೆ 574 ಕಾಗದ ಓಡಾಡಿದವು. 1846ರ ಸೆಪ್ಟೆಂಬರ್ 12ರಂದು ಚರ್ಚಿನಲ್ಲಿ ಗುಟ್ಟಾಗಿ ಮದುವೆ. ಉಂಗುರ ತೆಗೆದಿಟ್ಟು ಅಪ್ಪನ ಮನೆಗೇ ವಾಪಸ್ಸು. ಒಂದು ವಾರ ಅಲ್ಲೇ ಏನೂ ಆಗದವಳ ಹಾಗೆ ಇದ್ದು, ಆಮೇಲೆ ಕೆಲಸದಾಕೆ ಮತ್ತು ನಾಯಿಯ ಜೊತೆ ಹೊರಟು ಗಂಡನೊಂದಿಗೆ ಇಟಲಿ ಸೇರಿದಳು. ಆಗ ವಯಸ್ಸು ನಲವತ್ತು.

ಈ 44 ಪದ್ಯಗಳನ್ನು ಆಕೆ ಬರೆದದ್ದು ಕಾಗದ ಓಡಾಡುತ್ತಿದ್ದ ಆ ದಿನಗಳಲ್ಲೇ. ರಾಬರ್ಟ್‌ಗೆ ತೋರಿಸಲೇ ಇಲ್ಲ. 1849ರಲ್ಲಿ, ಮಗ ಹುಟ್ಟಿದ ಮೇಲೆ, ಇಟಲಿಯ ಬಾಗ್ನಿ ದಿ ಲುಕ್ಕಾದಲ್ಲಿ ಮೊದಲ ಸಲ ಕೊಟ್ಟಳು. ಅಂದರೆ ಅವನನ್ನು ಒಲಿಸಿಕೊಳ್ಳಲು ಬರೆದವಲ್ಲ. ತನ್ನೊಳಗೆ ತಾನು ಲೆಕ್ಕ ಹಾಕಿಕೊಂಡದ್ದು. ಅಚ್ಚು ಹಾಕಿಸುವಾಗ ಪೋರ್ಚುಗೀಸ್ ಭಾಷೆಯಿಂದ ತಂದದ್ದು ಎಂಬಂತೆ ಹೆಸರಿಟ್ಟು ಮುಸುಕು ಹಾಕಿದರು. ಹಾಗಾಗಿ, ಹೂಂ ಅನ್ನುವ ಮೊದಲು ಕೂತು ಯೋಚಿಸುವ ಹೆಂಗಸು ಅಂತ ನೀವು ಬರೆದಿರಲ್ಲ, ಅದನ್ನು ಮಗುವಿನ ಉತ್ತರದಲ್ಲಿ ಹಾಗೇ ಬರೆಯಿಸಿ.


ಬಿಸಿಲು, ಕಲಬುರಗಿ

ಅಕ್ಕಾ, ಸೀರೆಯ ಮಾತು ಓದಿ ಗಂಟಲು ಕಟ್ಟಿತು. ಆದರೂ ಒಂದೆರಡು ಕಡೆ ನನಗೆ ತಕರಾರಿದೆ. ಸರ್, ನಿಮ್ಮ ಮಾತಿಗೂ.

ಮೊದಲನೆಯದು. ಎಲಿಜಬೆತ್ ಅಪ್ಪನ ಕೋಣೆಯಿಂದ ಹೊರಗೆ ಬಂದದ್ದು ಇನ್ನೊಬ್ಬ ಗಂಡಸಿನ ಕೈ ಹಿಡಿದೇ ಅಲ್ವಾ? 3ನೇ ಸುನೀತದಲ್ಲಿ ಅವನು ರಾಜಮನೆತನದ ಹೃದಯ, ಇವಳು ಕತ್ತಲಲ್ಲಿ ಅಲೆಯುವ ಬಡ ಹಾಡುಗಾರ್ತಿ. ಆಗ ನಿಜವಾಗಿ ಹೆಚ್ಚು ಹೆಸರಿದ್ದದ್ದು ಇವಳಿಗೆ. 1844ರ ಕವಿತೆಗಳಿಂದ ಇವಳನ್ನು ಎಲ್ಲರೂ ಓದುತ್ತಿದ್ದರು. 1850ರಲ್ಲಿ ವರ್ಡ್ಸ್‌ವರ್ತ್ ತೀರಿಕೊಂಡಾಗ ಆಸ್ಥಾನಕವಿ ಪಟ್ಟಕ್ಕೆ ಇವಳ ಹೆಸರನ್ನು ಪತ್ರಿಕೆಯಲ್ಲಿ ಸೂಚಿಸಿದ್ದರು. ಅಂಥವಳು ಪದ್ಯದಲ್ಲಿ ಯಾಕೆ ಇಷ್ಟು ಕುಗ್ಗಬೇಕು? ನನಗೆ ಅದು ಓದಲು ಕಷ್ಟವಾಗುತ್ತದೆ.

ಎರಡನೆಯದು ಜೇನ್. ಅವಳು ಮರಳಿ ಬರುವ ಹೊತ್ತಿಗೆ ರಾಚೆಸ್ಟರನ ಮನೆ ಸುಟ್ಟಿದೆ, ಕಣ್ಣು ಹೋಗಿದೆ, ಒಂದು ಕೈ ಹೋಗಿದೆ. ಎಲಿಜಬೆತ್ ಮುಂದೆ ಬರೆದ 'ಅರೋರಾ ಲೀ' ಎಂಬ ಪದ್ಯ ಕಾದಂಬರಿಯಲ್ಲೂ ಹಾಗೇ. ಅರೋರಾಳನ್ನು ಪ್ರೀತಿಸುವ ರಾಮ್ನಿಯ ಮನೆ ಸುಡುತ್ತದೆ, ಅವನೂ ಕುರುಡನಾಗುತ್ತಾನೆ, ಆಮೇಲೆ ಅರೋರಾ ಅವನನ್ನು ಒಪ್ಪುತ್ತಾಳೆ. ಗಂಡು ಇಷ್ಟು ಪೆಟ್ಟು ತಿಂದರೆ ಮಾತ್ರ ಹೆಣ್ಣು ಸರಿಸಮ ನಿಲ್ಲಲು ಆಗುತ್ತದಾ? ಬರೆದ ಈ ಇಬ್ಬರಿಗೂ ಗಟ್ಟಿಮುಟ್ಟಾದ ಗಂಡಸಿನ ಪಕ್ಕದಲ್ಲಿ ಸ್ವತಂತ್ರವಾಗಿ ಬದುಕುವ ಹೆಣ್ಣನ್ನು ಊಹಿಸಲು ಆಗಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು. ಬರ್ಥಾ ಮೇಸನ್. ಜಮೈಕಾದವಳು. ಅವಳು 30,000 ಪೌಂಡ್ ತರುತ್ತಾಳೆ ಅಂತಲೇ ರಾಚೆಸ್ಟರನ ಅಪ್ಪ ಆ ಸಂಬಂಧ ಗೊತ್ತುಮಾಡಿದ್ದು. ಆ ದುಡ್ಡು ತಂದವಳು ಹತ್ತು ವರ್ಷ ಮೂರನೇ ಮಹಡಿಯಲ್ಲಿ ಬೀಗದೊಳಗೆ. ಜೇನ್‌ಗೆ ಸಿಕ್ಕ ಸ್ವಾತಂತ್ರ್ಯದ ಬಗ್ಗೆ ಮಾತಾಡುವಾಗ ಅವಳ ಹೆಸರೇ ಬರುವುದಿಲ್ಲ, ನಿಮ್ಮ ಪೋಸ್ಟಿನಲ್ಲೂ ಅವಳು ಬರೀ ಮೊದಲ ಹೆಂಡತಿ. ಬ್ಯಾರೆಟ್ ಮನೆತನದ ಸಿರಿಯೂ ಜಮೈಕಾದ ಕಬ್ಬಿನ ತೋಟದ್ದೇ, ಗುಲಾಮರ ದುಡಿಮೆಯದ್ದೇ. ಎಲಿಜಬೆತ್‌ಗೆ ಆ ನಾಚಿಕೆ ಇತ್ತು, ಓಡಿಹೋಗುವ ಗುಲಾಮ ಹೆಣ್ಣಿನ ಬಾಯಲ್ಲಿ ಒಂದು ಉರಿಯುವ ಕವಿತೆ ಬರೆದಳು. ಅದಕ್ಕೆ ಆಕೆಯ ಮೇಲೆ ನನಗೆ ಗೌರವ ಇದೆ.


ಕಪ್ಪು ಕೋಟು, ಹಾಸನ

ನಾನು ವಕೀಲೆ. ದುಡ್ಡಿನ ಮಾತು ಬಂತಲ್ಲ, ಅಂದಿನ ಕಾನೂನು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಕಿಟಕಿ ಸೀಟು ಮೇಡಂ ಹೇಳಿದ ಆ ಸುಡುವ ಕೆನ್ನೆಯ ಪೂರ್ತಿ ತೂಕ ತಿಳಿಯುವುದಿಲ್ಲ.

ಆಗಿನ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣು ಕಾನೂನಿನ ಲೆಕ್ಕಕ್ಕೆ ಗಂಡನಲ್ಲಿ ಅಡಗಿಹೋಗುತ್ತಿದ್ದಳು. ಅವಳ ನಗದು, ಒಡವೆ, ಪೀಠೋಪಕರಣ ಎಲ್ಲ ಮದುವೆಯ ದಿನವೇ ಗಂಡನದ್ದು. ದುಡಿದ ಸಂಬಳವೂ ಅವನದ್ದು. ಜಮೀನಿದ್ದರೆ ಅದರ ಆದಾಯ ಅವನ ಕೈಗೆ. ಅವಳ ಹೆಸರಲ್ಲಿ ಕೇಸು ಹಾಕುವ ಹಾಗಿಲ್ಲ, ಕರಾರು ಮಾಡುವ ಹಾಗಿಲ್ಲ. ಉಳ್ಳವರು ಮದುವೆಗೆ ಮೊದಲೇ ಟ್ರಸ್ಟ್ ಪತ್ರ ಮಾಡಿಸಿ ಮಗಳ ಪಾಲನ್ನು ಬೇರೆ ಇಡುತ್ತಿದ್ದರು. ಉಳಿದವರಿಗೆ ಆ ದಾರಿಯೂ ಇಲ್ಲ. 1870ರ ಕಾಯ್ದೆ ಬಂದ ಮೇಲೆ ಹೆಂಡತಿಯ ದುಡಿಮೆ ಅವಳದ್ದಾಯಿತು. 1882ರ ಕಾಯ್ದೆಯಿಂದ ಆಸ್ತಿಯೆಲ್ಲ ಅವಳದ್ದಾಯಿತು. ಜೇನ್ ಐರ್ ಬಂದದ್ದು ಅದಕ್ಕೆ 35 ವರ್ಷ ಮೊದಲು.

ಈಗ ಲೆಕ್ಕ ಹಾಕಿ. ಜೇನ್ 20,000 ಪೌಂಡನ್ನು ತನ್ನ ಸಂಬಂಧಿಕರಾದ ರಿವರ್ಸ್ ಮನೆಯ ಮೂವರ ಜೊತೆ ಹಂಚಿಕೊಂಡು 5,000 ಇಟ್ಟುಕೊಳ್ಳುತ್ತಾಳೆ. ರಾಚೆಸ್ಟರನ ಎದುರು ನಿಂತು, ನಾನು ಈಗ ಸ್ವತಂತ್ರಳು, ಹಣವಂತಳು, ನನಗೆ ನಾನೇ ಯಜಮಾನಿ ಅನ್ನುತ್ತಾಳೆ. ಮರುಘಳಿಗೆ ಮದುವೆಯಾಗುತ್ತಾಳೆ. ಪತ್ರ ಮಾಡಿಸಿದ ಸುದ್ದಿ ಕತೆಯ ಕೊನೆಯಲ್ಲಿ ಎಲ್ಲೂ ಇಲ್ಲ. ಹಾಗಾದರೆ ಆ 5,000 ಕಾನೂನಿನ ಪ್ರಕಾರ ಗಂಡನದ್ದೇ. ಬರ್ಥಾಳ 30,000ಕ್ಕೂ ಇದೇ ಗತಿ ಆದದ್ದು. ಷಾರ್ಲೆಟ್ ಬ್ರಾಂಟೆಗೆ ಇದು ಚೆನ್ನಾಗಿ ಗೊತ್ತಿತ್ತು. 1854ರಲ್ಲಿ ತಾನು ಮದುವೆಯಾಗುವಾಗ, ಪುಸ್ತಕಗಳಿಂದ ಬಂದ ದುಡ್ಡು ಗಂಡನ ಕೈಸೇರದ ಹಾಗೆ ಮೊದಲೇ ಪತ್ರ ಮಾಡಿಸಿದ್ದಳು. ಎಲಿಜಬೆತ್ ಕೂಡ ಈ ಕಾನೂನು ಬದಲಿಸಿ ಎಂದು 1856ರಲ್ಲಿ ಪಾರ್ಲಿಮೆಂಟಿಗೆ ಹೋದ ಮನವಿಗೆ ಸಹಿ ಹಾಕಿದವಳು. ಬಿಸಿಲು ಅವರೇ, ಪದ್ಯದಲ್ಲಿ ಕುಗ್ಗಿದವಳು ಅಂದಿರಲ್ಲ, ಮನವಿಯ ಮೇಲೆ ಅವಳ ಸಹಿಯನ್ನೂ ನೋಡಿ.

ನಮ್ಮಲ್ಲೂ ಆ ಕಾನೂನಿನ ಒಂದು ಎಳೆ ಇನ್ನೂ ಇದೆ. ಗಂಡ ತನ್ನ ಮೇಲೆ ಜೀವವಿಮೆ ಮಾಡಿಸುವಾಗ, ಆ ಹಣ ಸಾಲಗಾರರ ಪಾಲಾಗದೆ ಹೆಂಡತಿ ಮಕ್ಕಳಿಗೇ ಸೇರಬೇಕು ಅಂತ ಬರೆಸುವುದಕ್ಕೆ ಒಂದು ಅವಕಾಶ ಇದೆ. ಅದು 1874ರಲ್ಲಿ ಇಂಡಿಯಾದಲ್ಲಿ ಬಂದ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ 6ನೇ ಕಲಂ. ಕಕ್ಷಿದಾರ ಹೆಣ್ಣುಮಕ್ಕಳಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.


ಕಿಟಕಿ ಸೀಟು, ತುಮಕೂರು

ಮೇಷ್ಟ್ರೇ, ಬಿಸಿಲು, ಮೇಡಂ, ಮೂವರಿಗೂ ಕೈಮುಗಿಯುತ್ತೇನೆ. ನಿನ್ನೆ ರಾತ್ರಿ ನಿಮ್ಮ ಉತ್ತರಗಳನ್ನು ಮಗಳಿಗೆ ಗಟ್ಟಿಯಾಗಿ ಓದಿದೆ. "ಚಿಕ್ಕಮ್ಮಾ, ನೋಟ್ಸ್ ಹರಿದು ಹಾಕಲಾ?" ಅಂದಳು. ಬೇಡ, ಪರೀಕ್ಷೆ ಆಗಲಿ ಅಂದೆ.

ಬಿಸಿಲು, ಬರ್ಥಾಳ ವಿಷಯದಲ್ಲಿ ನೀನು ಹೇಳಿದ್ದು ಪೂರ್ತಿ ಸರಿ. ಅವಳ ಹೆಸರು ನಾನು ಬರೆಯಲೇ ಇಲ್ಲ. ನಿನ್ನ ಮಾತು ಓದಿದ ಮೇಲೆ ಮತ್ತೆ ಹೋಗಿ ನೋಡಿದೆ. ಮದುವೆಯ ಎರಡು ರಾತ್ರಿ ಮೊದಲು ಅವಳು ಜೇನ್‌ಳ ಕೋಣೆಗೆ ಬಂದು ಮದುವೆಯ ಮುಸುಕನ್ನು ತಲೆಗೆ ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಳ್ಳುತ್ತಾಳೆ. ಆಮೇಲೆ ಎರಡು ತುಂಡು ಹರಿದು ನೆಲಕ್ಕೆ ಹಾಕಿ ತುಳಿಯುತ್ತಾಳೆ. ಅದೂ ರಾಚೆಸ್ಟರ್ ಲಂಡನ್ನಿನಿಂದ ತರಿಸಿದ ದುಬಾರಿ ಮುಸುಕು. ಜೇನ್‌ಗೆ ಬೇಕಿದ್ದದ್ದು ತಾನೇ ಮಾಡಿಟ್ಟುಕೊಂಡ ಸಾದಾ ಬಟ್ಟೆಯ ತುಂಡು. ಜೇನ್ ಪಿಸುಮಾತಿನಲ್ಲಿ ಬೇಡ ಅಂದದ್ದನ್ನು ಬರ್ಥಾ ಕೈಯಲ್ಲಿ ಹರಿದಳು. ಇದನ್ನು ನಾನು ಮೊದಲು ಓದಿದಾಗ ಸುಮ್ನೆ ಹೆದರಿದ್ದೆ ಅಷ್ಟೇ.

ಆದರೆ ಗಂಡಸಿಗೆ ಪೆಟ್ಟು ಬಿದ್ದ ಮೇಲೇ ಸಮಾನತೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅದಕ್ಕೂ ಮೊದಲೇ ಜೇನ್ ಎರಡು ಸಲ ಊಹೂಂ ಅಂದಿದ್ದಾಳೆ, ಎರಡೂ ಸಲ ಗಟ್ಟಿಮುಟ್ಟಾದ ಗಂಡಸರಿಗೆ. ಮೊದಲನೆಯದು ರಾಚೆಸ್ಟರ್‌ಗೇ. ಮದುವೆ ಮುರಿದ ಮೇಲೆ ಅವನು, ಫ್ರಾನ್ಸಿನ ದಕ್ಷಿಣದಲ್ಲಿ ನನ್ನದೊಂದು ಬಿಳಿ ಮನೆ ಇದೆ, ಬಾ, ಯಾರಿಗೆ ಏನಾಗುತ್ತದೆ ಅನ್ನುತ್ತಾನೆ. ಅವಳಿಗೆ ಜಗತ್ತಿನಲ್ಲಿ ಯಾರೂ ಇಲ್ಲ. ಆಗ ಅವಳು, ನನಗೆ ನಾನು ಇದ್ದೇನೆ, ಒಂಟಿಯಾದಷ್ಟೂ ನನ್ನನ್ನು ನಾನು ಜಾಸ್ತಿ ಗೌರವಿಸುತ್ತೇನೆ ಅನ್ನುತ್ತಾಳೆ. ಬೆಳಗಿನ ಜಾವ ಹೊರಡುತ್ತಾಳೆ. ಕೈಯಲ್ಲಿ ಇಪ್ಪತ್ತು ಶಿಲಿಂಗ್. ಗಾಡಿಯವನು ಮೂವತ್ತು ಕೇಳುತ್ತಾನೆ, ಇರುವ ಇಪ್ಪತ್ತಕ್ಕೆ ಎಷ್ಟು ದೂರವೋ ಅಷ್ಟು ದೂರ. ಇಳಿಯುವಾಗ ಬಟ್ಟೆಗಂಟು ಗಾಡಿಯಲ್ಲೇ ಮರೆತುಹೋಗುತ್ತದೆ. ಎರಡು ದಿನ ಕಳೆಯುವುದರೊಳಗೆ, ಹಂದಿಗೆ ಸುರಿಯಲು ಹೊರಟಿದ್ದ ತಣ್ಣಗಿನ ಗಂಜಿಯನ್ನು ಒಬ್ಬ ಹುಡುಗಿಯ ಹತ್ತಿರ ಕೇಳಿ ತಿನ್ನುತ್ತಾಳೆ. ಗಟ್ಟಿಯಾಗಿ ಹೆಪ್ಪುಗಟ್ಟಿದ ಗಂಜಿ. ಆ ಪುಟ ಓದುವಾಗ ನನ್ನ ಊಟದ ಡಬ್ಬಿ ತೊಡೆಯ ಮೇಲಿತ್ತು. ತೆರೆಯಲು ಮನಸ್ಸಾಗಲಿಲ್ಲ.

ಎರಡನೆಯದು ಸೇಂಟ್ ಜಾನ್ ರಿವರ್ಸ್. ಅವನು ನಮ್ಮ ದೇಶಕ್ಕೆ ಬರುವ ಪಾದ್ರಿ, ಅದಕ್ಕಾಗಿ ಜೇನ್‌ಗೆ ಹಿಂದೂಸ್ತಾನಿ ಭಾಷೆ ಕಲಿಸುತ್ತಾನೆ. ಹೆಂಡತಿಯಾಗಿ ಬಾ ಅನ್ನುತ್ತಾನೆ. ಅವಳು, ತಂಗಿಯ ಹಾಗೆ ಬರುತ್ತೇನೆ, ಹೆಂಡತಿಯಾಗಿ ಬರುವುದಿಲ್ಲ ಅನ್ನುತ್ತಾಳೆ. ಅವನಲ್ಲಿ ಪ್ರೀತಿ ಇಲ್ಲ, ಕೆಲಸಕ್ಕೆ ಒಂದು ಕೈ ಬೇಕು ಅಷ್ಟೇ. ನಿನ್ನನ್ನು ಮದುವೆಯಾದರೆ ನೀನು ನನ್ನನ್ನು ಕೊಲ್ಲುತ್ತೀಯ, ಈಗಲೇ ಕೊಲ್ಲುತ್ತಿದ್ದೀಯ ಅಂತ ಮುಖಕ್ಕೆ ಹೇಳುತ್ತಾಳೆ. ಒಂದು ಕಡೆ ಪ್ರೀತಿ ಇದೆ, ಮರ್ಯಾದೆ ಇಲ್ಲ. ಇನ್ನೊಂದು ಕಡೆ ಮರ್ಯಾದೆ ಇದೆ, ಪ್ರೀತಿ ಇಲ್ಲ. ಎರಡೂ ಬೇಡ ಅಂದಳು. ಅವಳಿಗೆ ಎರಡೂ ಒಟ್ಟಿಗೆ ಬೇಕಿತ್ತು. ಹಾಗೆ ಕೇಳುವುದು ದುರಾಸೆ ಅಂತ ನಮಗೆ ಹೇಳಿಕೊಟ್ಟಿದ್ದರು.

ವಕೀಲ ಮೇಡಂ, 5,000ದ ಲೆಕ್ಕ ಓದಿ ಬೇಜಾರಾಯಿತು. ಇಲ್ಲ ಅನ್ನಲು ನನ್ನ ಹತ್ತಿರ ಏನೂ ಇಲ್ಲ. ಒಂದೇ ಒಂದು ಮಾತು. ಮರಳಿ ಬಂದ ರಾತ್ರಿ ಅವಳು ರಾಚೆಸ್ಟರ್‌ಗೆ ಹೀಗೆ ಹೇಳುತ್ತಾಳೆ: ನಿಮ್ಮ ಜೊತೆ ಇರಲು ಬಿಡದಿದ್ದರೆ, ನಿಮ್ಮ ಬಾಗಿಲ ಪಕ್ಕದಲ್ಲೇ ನನ್ನದೊಂದು ಮನೆ ಕಟ್ಟಿಸಿಕೊಳ್ಳುತ್ತೇನೆ, ಸಂಜೆ ಬೇಜಾರಾದಾಗ ನೀವು ಬಂದು ನನ್ನ ಹಜಾರದಲ್ಲಿ ಕೂರಬಹುದು. ಆ ಮನೆಯನ್ನು ಅವಳು ಕಟ್ಟಿಸಲಿಲ್ಲ. ಕಟ್ಟಿಸಲು ಆಗುತ್ತಿತ್ತು. ನನಗೆ ಕೆಲಸ ಸಿಕ್ಕಿದ್ದು ಮದುವೆಯಾಗಿ ಎಂಟು ವರ್ಷದ ಮೇಲೆ. ಮೊದಲ ಸಂಬಳ 4,200. ನನ್ನ ಹೆಸರಿನ ಪಾಸ್‌ಬುಕ್ಕನ್ನು ಆವತ್ತು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದ್ದೆ. ಎಲ್ಲಿಗೂ ಹೋಗುವ ಯೋಚನೆ ಇರಲಿಲ್ಲ. ಮರುದಿನ ಮನೆಯವರ ಹತ್ತಿರ ಮಾತಾಡುವಾಗ ನನ್ನ ದನಿಯೇ ಬೇರೆ ಇತ್ತು. ಅವರಿಗೂ ಅದು ಇಷ್ಟವಾಯಿತು.

ಬಿಸಿಲು, ಸುನೀತಗಳಲ್ಲಿ ಕುಗ್ಗುತ್ತಾಳೆ ಅಂದೆ. ಕುಗ್ಗುವ ಪದ್ಯಗಳು ಮೊದಲಲ್ಲಿವೆ, ನಿಜ. 22ಕ್ಕೆ ಬಾ. ಅಲ್ಲಿ ಎರಡು ಜೀವ ನೆಟ್ಟಗೆ, ಗಟ್ಟಿಯಾಗಿ, ಮುಖಕ್ಕೆ ಮುಖ ಕೊಟ್ಟು ನಿಂತಿವೆ. 35ಕ್ಕೆ ಬಾ. ಅಲ್ಲಿ ಅವಳು ನೇರವಾಗಿ ಕೇಳುತ್ತಾಳೆ. ನಿನಗಾಗಿ ನಾನು ಎಲ್ಲ ಬಿಟ್ಟು ಬಂದರೆ, ನೀನೂ ನನಗೆ ಎಲ್ಲವೂ ಆಗುತ್ತೀಯಾ? ಮನೆಯೊಳಗಿನ ಮಾತುಕತೆ, ಹರಕೆ, ಒಬ್ಬೊಬ್ಬರಿಗೂ ಸರದಿಯಲ್ಲಿ ಸಿಗುವ ಮುತ್ತು, ಇವುಗಳ ನೆನಪು ನನ್ನನ್ನು ಕಾಡುವುದಿಲ್ಲವಾ? ತಲೆ ಎತ್ತಿದರೆ ಬೇರೆ ಗೋಡೆ, ಬೇರೆ ನೆಲ ಕಾಣುವಾಗ? ಮದುವೆಯಾಗಿ ಹೋದ ಮೊದಲ ವಾರ ನಾನು ರಾತ್ರಿ ಎದ್ದು ಸ್ವಿಚ್ಚು ಹುಡುಕುತ್ತಾ ಗೋಡೆ ತಡಕಿದ್ದು ನೆನಪಾಯಿತು. ಅಮ್ಮನ ಮನೆಯಲ್ಲಿ ಬಾಗಿಲಿನ ಎಡಕ್ಕಿತ್ತು, ಇಲ್ಲಿ ಬಲಕ್ಕೆ. ಈ ಪ್ರಶ್ನೆಯನ್ನು ನಾನು ಯಾರಿಗೂ ಕೇಳಿರಲಿಲ್ಲ. ಕೇಳಬಹುದು ಅಂತಲೇ ಗೊತ್ತಿರಲಿಲ್ಲ. ಎಲಿಜಬೆತ್ ಕೇಳಿದಳು, ಹೊರಡುವ ಮೊದಲೇ ಕೇಳಿದಳು. ಅವಳ ಅಪ್ಪ 1857ರಲ್ಲಿ ಸಾಯುವವರೆಗೂ ಕ್ಷಮಿಸಲಿಲ್ಲ. ಅವಳು ಬರೆದ ಕಾಗದಗಳನ್ನು ಅರಗಿನ ಮುದ್ರೆ ಕೂಡ ಒಡೆಯದೆ ವಾಪಸ್ಸು ಕಳಿಸಿದ. ಬಿಟ್ಟದ್ದು ಸಣ್ಣದಲ್ಲ.

ಮೇಷ್ಟ್ರೇ, 14ನೆಯದು ಎಲ್ಲಕ್ಕಿಂತ ಮೇಲು ಅಂದಿರಿ. ಮೂರು ದಿನದಿಂದ ರೈಲಿನಲ್ಲಿ ಅದನ್ನೇ ಓದುತ್ತಿದ್ದೇನೆ. ಮಗಳು ಅರ್ಥ ಹೇಳಿದಳು, ನಾನು ಕನ್ನಡದಲ್ಲಿ ಬರೆದುಕೊಂಡೆ. ಛಂದಸ್ಸು ಗೊತ್ತಿಲ್ಲ, ಮಾತಿನ ಹಾಗೆ ಬರೆದಿದ್ದೇನೆ:

ಪ್ರೀತಿಸಲೇಬೇಕು ಅಂತಿದ್ದರೆ, ಪ್ರೀತಿಗಾಗಿಯೇ ಪ್ರೀತಿಸು.
ಅವಳ ನಗು ಚೆನ್ನ, ನೋಟ ಚೆನ್ನ,
ಮೆಲ್ಲಗೆ ಮಾತಾಡುತ್ತಾಳೆ, ನನ್ನ ಮನಸ್ಸಿಗೆ ಹೊಂದುವ ಹಾಗೆ ಯೋಚಿಸುತ್ತಾಳೆ,
ಅವಳ ಜೊತೆ ಒಂದು ದಿನ ಹಾಯಾಗಿ ಕಳೆಯಿತು ಅನ್ನಬೇಡ.
ಇವೆಲ್ಲ ಬದಲಾಗುತ್ತವೆ. ಇಲ್ಲವೇ ನಿನ್ನ ಕಣ್ಣಿಗೆ ಬೇರೆಯಾಗಿ ಕಾಣುತ್ತವೆ.
ಹಾಗೆ ಕಟ್ಟಿದ ಪ್ರೀತಿ ಹಾಗೇ ಬಿಚ್ಚಿಹೋಗುತ್ತದೆ.
ನನ್ನ ಕಣ್ಣೀರು ಒರೆಸುವ ಮರುಕಕ್ಕಾಗಿಯೂ ಪ್ರೀತಿಸಬೇಡ.
ನಿನ್ನ ಸಮಾಧಾನದಲ್ಲಿ ಬಹಳ ದಿನ ಇದ್ದವಳು ಅಳುವುದನ್ನೇ ಮರೆತಾಳು,
ಆಗ ನಿನ್ನ ಪ್ರೀತಿಯೂ ತಪ್ಪಿಹೋದೀತು.

ಇಲ್ಲಿ 'ಮರುಕ' ಸರಿಯಾ? ಮೊದಲು 'ಕರುಣೆ' ಅಂತ ಬರೆದಿದ್ದೆ, ಅದು ದೇವರಿಗೆ ಹೋಗುವ ಮಾತಾಯಿತು. 'ಕನಿಕರ' ಅಂದರೆ ಭಿಕ್ಷೆ ಹಾಕಿದ ಹಾಗೆ. ಕಾಯಿಲೆ ಬಿದ್ದವರನ್ನು ಕಂಡಾಗ ನಮ್ಮ ಅತ್ತೆ "ಅಯ್ಯೋ ಪಾಪ" ಅನ್ನುತ್ತಾರೆ, ಅನ್ನುವಾಗ ಕೈ ಅವರ ತಲೆಯ ಮೇಲಿರುತ್ತದೆ. ಇಷ್ಟು ವರ್ಷ ಸೋಫಾ ಮೇಲೆ ಮಲಗಿದ್ದ ಎಲಿಜಬೆತ್ ಅದೆಷ್ಟು ಸಲ ಅದನ್ನು ಕೇಳಿರಬೇಕು. "ನಿನ್ನ ಅಯ್ಯೋ ಪಾಪಕ್ಕಾಗಿ ಪ್ರೀತಿಸಬೇಡ" ಅಂತ ಹಾಕಿದರೆ ಸುನೀತಕ್ಕೆ ಒಗ್ಗುತ್ತದಾ? ಕೊನೆಯ ಎರಡು ಸಾಲು ಇನ್ನೂ ಕೈಗೆ ಬಂದಿಲ್ಲ. ಸೋಮವಾರದೊಳಗೆ ಹೇಳಿದರೆ ಚಿಕ್ಕಬಾಣಾವರ ಬರುವಷ್ಟರಲ್ಲಿ ತಿದ್ದಿ ಇಡುತ್ತೇನೆ.